ಡಬ್ಬಿಯೊಳಗಿನ ಹೂರಣ

ಊರಿಗೆ ಹೊರಡೋ ಶುಕ್ರವಾರ ರಾತ್ರಿ ನನ್ನ ಬ್ಯಾಗಿನಲ್ಲಿ ಬಟ್ಟೆ ಇರುತ್ತೋ ಇಲ್ವೋ, ಎರಡು ವಸ್ತು ಮಾತ್ರ ಗ್ಯಾರಂಟಿ. ಒಂದು ಲ್ಯಾಪ್‌ಟಾಪ್, ಇನ್ನೊಂದು ಚಾಕಲೇಟ್ ಡಬ್ಬಿ. ಸಾದಾ ಚಾಕಲೇಟ್ ಅಲ್ಲ, ಒಳಗೆ ಏನಾದರೂ ತುಂಬಿರುವಂಥದ್ದು. ಕಚ್ಚಿದರೆ ಕ್ಯಾರಮೆಲ್ ಎಳೆಎಳೆಯಾಗಿ ಬರುವುದು, ಹೇಜಲ್‌ನಟ್ ಪೇಸ್ಟ್ ಇರುವುದು, ಕಿತ್ತಳೆ ಘಮದ ಕ್ರೀಮ್ ಇರುವುದು. ಬಂಗಾರದ ಬಣ್ಣದ ಹಾಳೆ, ಒಂದೊಂದಕ್ಕೂ ಒಂದೊಂದು ಗುಳಿ, ಮೇಲೆ ಗಾಜಿನಂಥ ಮುಚ್ಚಳ. ಇಪ್ಪತ್ನಾಲ್ಕು ಪೀಸಿನ ಆ ಡಬ್ಬಿ ಹಿಡಿದು ಬೆಳಗ್ಗೆ ಗದಗದಲ್ಲಿ ಇಳಿದು ಮುಳಗುಂದದ ಬಸ್ಸು ಹತ್ತಿದರೆ, ಮಗ ದುಡಿಯುತ್ತಿದ್ದಾನೆ ಅಂತ ಊರಿಗೆಲ್ಲ ಹೇಳಿದಷ್ಟು ಖುಷಿ.

ಊರಲ್ಲಿ ಇರೋದು ಎರಡೇ ದಿನ. ಅದರಲ್ಲೂ ಅರ್ಧ ದಿನ "ಒಂದೇ ಒಂದು ಕಾಲ್ ಇದೆ" ಅಂತ ಮಾಳಿಗೆ ಮೇಲೆ ಹೋಗಿ ಕೂತಿರುತ್ತೇನೆ. ನಾನು ವಾಪಸ್ ಬಂದ ಮೇಲೂ ಡಬ್ಬಿಯಾದರೂ ಮನೆಯಲ್ಲಿರುತ್ತಲ್ಲ ಅನ್ನೋದೊಂದು ಸಮಾಧಾನ.

ಆ ಡಬ್ಬಿ ತಿರುಗಿಸಿ, ಹಿಂದೆ ಸಣ್ಣ ಅಕ್ಷರದಲ್ಲಿ ಏನು ಬರೆದಿದೆ ಅಂತ ಐದು ವರ್ಷದಲ್ಲಿ ಒಂದು ಸಲವೂ ಓದಿರಲಿಲ್ಲ. ಓದುವಂತೆ ಮಾಡಿದ್ದು ಕಳೆದ ಶ್ರಾವಣದ ಒಂದು ಸೋಮವಾರ.

ಆ ಸೋಮವಾರ

ಅಪ್ಪನಿಗೆ ಸಕ್ಕರೆ ಕಾಯಿಲೆ ಬಂದು ಆರು ವರ್ಷ. ಬೆಳಗ್ಗೆ ನಾಷ್ಟಾಕ್ಕೆ ಮೊದಲು ಒಂದು ಮಾತ್ರೆ. ಆವತ್ತು ಶ್ರಾವಣ ಸೋಮವಾರದ ಉಪವಾಸ. ಮಾತ್ರೆ ಮರೆಯಲಿಲ್ಲ, ನಾಷ್ಟಾ ಮಾತ್ರ ಬಿಟ್ಟರು. ಹನ್ನೊಂದರ ಹೊತ್ತಿಗೆ ಮೈಯೆಲ್ಲ ಬೆವರು, ಕೈ ನಡುಕ, ಮಾತು ತಡವರಿಸತೊಡಗಿತು.

ಪಂಚಮಿಗೆ ಅಂತ ಬಂದಿದ್ದ ಅಕ್ಕ ಮನೆಯಲ್ಲೇ ಇದ್ದಳು. ಶುಗರ್ ಇಳಿದಿದೆ, ಸಿಹಿ ಕೊಡಬೇಕು ಅನ್ನೋದು ಅವಳಿಗೆ ಗೊತ್ತಿತ್ತು. ಫ್ರಿಜ್ ತೆಗೆದಳು. ಎದುರಿಗೇ ನನ್ನ ಡಬ್ಬಿ. ಎರಡು ಚಾಕಲೇಟ್ ಬಿಚ್ಚಿ ಅಪ್ಪನ ಬಾಯಿಗೆ ಹಾಕಿ ನನಗೆ ವಿಡಿಯೊ ಕಾಲ್ ಮಾಡಿದಳು.

"ತಮ್ಮಾ, ಎರಡು ಚಾಕಲೇಟ್ ತಿನ್ನಿಸೇನಿ. ಹತ್ತು ನಿಮಿಷ ಆತು, ಇನ್ನೂ ಹಂಗ ನಡಗಾಕತ್ತಾರ ನೋಡು."

ನಾನು ಮೀಟಿಂಗ್ ಮ್ಯೂಟ್ ಮಾಡಿ ಹೇಳಿದ ಬುದ್ಧಿಮಾತು ಏನು ಗೊತ್ತಾ? "ಇನ್ನೊಂದು ಕೊಡಕ್ಕಾ."

ಅಷ್ಟರಲ್ಲಿ ಪಕ್ಕದ ಮನೆಯ ಅಮ್ಮ ಬಂದರು. ನರ್ಸ್ ಆಗಿ ರಿಟೈರ್ ಆದವರು. ಒಂದು ಸಲ ಅಪ್ಪನ ಮುಖ ನೋಡಿದರು, ಒಂದು ಸಲ ಡಬ್ಬಿ ನೋಡಿದರು. "ಚಾಕಲೇಟ್ ಬ್ಯಾಡ ಬಿಡವಾ. ಸಕ್ಕರಿ ಎಲ್ಲೈತಿ? ಮೂರು ಚಮಚ ನೀರಾಗ ಕಲಿಸ್ಕೊಂಡು ಬಾ, ಲಗೂ" ಅಂದರು. ಅಪ್ಪ ಕುಡಿದರು. ಹದಿನೈದು ನಿಮಿಷ ಕಳೆಯುವುದರೊಳಗೆ ಬೆವರು ನಿಂತಿತು. "ಯಾಕ, ಎಲ್ಲಾರೂ ಹಿಂಗ ನಿಂತೀರಿ?" ಅಂತ ಅವರೇ ಕೇಳಿದರು.

ಸಂಜೆ ಡಾಕ್ಟ್ರು ಬಿಡಿಸಿ ಹೇಳಿದರು. ರಕ್ತದಲ್ಲಿ ಸಕ್ಕರೆ 70ಕ್ಕಿಂತ ಕೆಳಗೆ ಇಳಿದಾಗ ಬೇಕಾಗಿರೋದು ಬೇಗ ರಕ್ತಕ್ಕೆ ಸೇರುವ ಸಕ್ಕರೆ. ಸುಮಾರು 15 ಗ್ರಾಂ, ಅಂದರೆ ಮೂರು ಟೀ ಚಮಚ ಸಕ್ಕರೆ ನೀರಿಗೆ ಹಾಕಿ ಕೊಡಬೇಕು, ಇಲ್ಲಾಂದ್ರೆ ಗ್ಲೂಕೋಸ್ ಪುಡಿ, ಅಥವಾ ಅರ್ಧ ಲೋಟ ಹಣ್ಣಿನ ರಸ. ಹದಿನೈದು ನಿಮಿಷ ಬಿಟ್ಟು ಮತ್ತೆ ಚೆಕ್ ಮಾಡಬೇಕು, ಏರಿಲ್ಲದಿದ್ದರೆ ಇನ್ನೊಂದು ಸಲ ಅಷ್ಟೇ ಕೊಡಬೇಕು. ಚೇತರಿಸಿಕೊಂಡ ಮೇಲೆ ಊಟ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬಾರದು, ಸೀದಾ ಆಸ್ಪತ್ರೆಗೆ. ಚಾಕಲೇಟಿನಲ್ಲಿ ಸಕ್ಕರೆಯ ಜೊತೆ ಕೊಬ್ಬೂ ಇರುತ್ತೆ. ಕೊಬ್ಬು ಹೊಟ್ಟೆ ಖಾಲಿಯಾಗುವುದನ್ನು ನಿಧಾನ ಮಾಡುತ್ತೆ, ಹಾಗಾಗಿ ಸಕ್ಕರೆ ರಕ್ತ ಸೇರುವುದೂ ತಡ. ಒಳಗೆ ಬೀಜದ ಪೇಸ್ಟ್ ತುಂಬಿದ್ದರಂತೂ ಇನ್ನೂ ತಡ.

ಆಮೇಲೆ ಡಾಕ್ಟ್ರು ಸುಮ್ಮನೆ ಅನ್ನುವಂತೆ ಕೇಳಿದರು. "ದಿನಾ ಎಷ್ಟು ಚಾಕಲೇಟ್ ತಿಂತೀರಿ ಯಜಮಾನ್ರ?" ಅಪ್ಪ ಗೋಡೆ ಕ್ಯಾಲೆಂಡರ್ ನೋಡಿದರು. ಉತ್ತರ ಕೊಟ್ಟಿದ್ದು ಅವ್ವ. "ರಾತ್ರಿ ಊಟ ಆದ ಮ್ಯಾಲೆ ಮೂರ್ನಾಕು ರೀ. ಬ್ಯಾಸಗ್ಯಾಗ ಕರಗಿ ಹಾಳಾಗತಾವಂತ ತಿನ್ನಾಕ ಹತ್ತಿದ್ರು. ಮಗ ತಂದದ್ದು, ಕೆಡಸಬಾರದಲ್ಲ. ಹಂಗ ರೂಢಿ ಆಗೇತಿ."

ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಹಿಂದಿನ ಸಲಕ್ಕಿಂತ ಏರಿತ್ತು. ನನಗೆ ಚುಚ್ಚಿದ್ದು ಇದೇ. ದಿನಾ ರಾತ್ರಿ ಬೇಡದಿದ್ದಾಗ ಅಪ್ಪನ ಸಕ್ಕರೆ ಏರಿಸಿದ ಅದೇ ಡಬ್ಬಿ, ಒಂದು ದಿನ ಬೇಕೇಬೇಕಾದಾಗ ಕೆಲಸಕ್ಕೆ ಬರಲಿಲ್ಲ. ಎರಡಕ್ಕೂ ಕಾರಣ ಒಂದೇ, ಅದರ ಒಳಗಿರುವ ಹೂರಣ.

ಒಳಗೆ ಏನಿದೆ?

ನಮ್ಮ ಕಡೆ ಹೂರಣ ಅಂದರೆ ಕಡಲೆಬೇಳೆ ಬೆಲ್ಲ, ಇಲ್ಲವೇ ಶೇಂಗಾ ಬೆಲ್ಲ. ಹೋಳಿಗೆ ಹರಿದರೆ ಒಳಗಿರೋದು ಕಣ್ಣಿಗೆ ಕಾಣುತ್ತೆ. ಚಾಕಲೇಟಿನ ಹೂರಣಕ್ಕೆ ಆ ಪಾರದರ್ಶಕತೆ ಇಲ್ಲ. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ, ಅಂದರೆ ಎಫ್‌ಎಸ್‌ಎಸ್‌ಎಐ, "ಫಿಲ್ಡ್ ಚಾಕಲೇಟ್" ಅನ್ನೋದಕ್ಕೆ ಒಂದು ವ್ಯಾಖ್ಯಾನ ಕೊಟ್ಟಿದೆ. ಹೊರಗಿನ ಕವಚ ಚಾಕಲೇಟ್ ಆಗಿರಬೇಕು, ಒಳಗಿನದು ಅದಕ್ಕಿಂತ ಬೇರೆಯಾಗಿರಬೇಕು, ಮತ್ತು ಒಟ್ಟು ತೂಕದಲ್ಲಿ ಆ ಚಾಕಲೇಟ್ ಕವಚ ನೂರಕ್ಕೆ 25ಕ್ಕಿಂತ ಕಡಿಮೆ ಇರಬಾರದು. ಅಂದರೆ ನೂರಕ್ಕೆ 75ರಷ್ಟು ಹೂರಣವೇ ಇದ್ದರೂ ಅದು ಕಾನೂನಿನ ಪ್ರಕಾರ ಫಿಲ್ಡ್ ಚಾಕಲೇಟೇ.

"ಡಾರ್ಕ್ ಚಾಕಲೇಟ್ ಹಾರ್ಟಿಗೆ ಒಳ್ಳೇದಂತೆ" ಅನ್ನೋ ಫಾರ್ವರ್ಡ್ ನಿಮಗೂ ಬಂದಿರುತ್ತೆ. ಕೋಕೋದಲ್ಲಿ ಫ್ಲೇವನಾಲ್ ಅನ್ನೋ ಅಂಶ ಇರೋದು ನಿಜ. ಆದರೆ ಲೆಕ್ಕ ಹಾಕಿ. ಒಂದು ಪೀಸು 12 ಗ್ರಾಂ. ಕವಚ ಕನಿಷ್ಠ ಪ್ರಮಾಣದಲ್ಲಿದ್ದರೆ 3 ಗ್ರಾಂ. ಅದು ನೂರಕ್ಕೆ 30ರಷ್ಟು ಕೋಕೋ ಇರುವ ಮಿಲ್ಕ್ ಚಾಕಲೇಟ್ ಅಂದುಕೊಂಡರೆ ಕೋಕೋ ಒಂದು ಗ್ರಾಂ ಕೂಡ ಆಗೋದಿಲ್ಲ. ಹೂರಣದಲ್ಲಿ ಒಂದಿಷ್ಟು ಕೋಕೋ ಪುಡಿ ಇದ್ದರೂ ಔಷಧ ಅಂತ ತಿನ್ನುವಷ್ಟಂತೂ ಆಗಲ್ಲ. ಇದು ಸಿಹಿತಿಂಡಿ. ಸಿಹಿತಿಂಡಿ ಅಂತಲೇ ಒಪ್ಪಿಕೊಂಡು ತಿಂದರೆ ಅರ್ಧ ಗೊಂದಲ ಕಡಿಮೆ.

ಹೂರಣಗಳಲ್ಲಿ ಮುಖ್ಯವಾಗಿ ನಾಲ್ಕು ಜಾತಿ.

ಮೊದಲನೆಯದು ಫಾಂಡೆಂಟ್. ಪುದೀನ, ಕಿತ್ತಳೆ, ಸ್ಟ್ರಾಬೆರಿ ರುಚಿಯ ಕ್ರೀಮ್. ಕ್ರೀಮ್ ಅಂದ ಮಾತ್ರಕ್ಕೆ ಹಾಲಿನ ಕೆನೆ ಅಂದುಕೊಳ್ಳಬೇಡಿ. ಇದು ಸಕ್ಕರೆ ಪಾಕವನ್ನು ತಣ್ಣಗಾಗಿಸುತ್ತಾ ನುಣ್ಣಗೆ ಬಡಿದು ಮಾಡಿದ್ದು. ಕಚ್ಚಿದ ಕೂಡಲೇ ಸುರಿಯುವ ಹೂರಣ ಇರುತ್ತಲ್ಲ, ಅದರೊಳಗೆ ದ್ರವ ಹೇಗೆ ತುಂಬಿದರು ಅಂತ ಚಿಕ್ಕವನಿದ್ದಾಗ ತಲೆಕೆಡಿಸಿಕೊಂಡಿದ್ದೆ. ತುಂಬುವಾಗ ಗಟ್ಟಿಯಾಗಿಯೇ ಇರುತ್ತೆ, ಜೊತೆಗೆ ಇನ್ವರ್ಟೇಸ್ ಅನ್ನೋ ಕಿಣ್ವ ಹಾಕಿರುತ್ತಾರೆ. ಅದು ಸಕ್ಕರೆಯನ್ನು ಗ್ಲೂಕೋಸ್, ಫ್ರಕ್ಟೋಸ್ ಅಂತ ಒಡೆಯುತ್ತಾ ದಿನ ಕಳೆದಂತೆ ಒಳಗೇ ಕರಗಿಸುತ್ತೆ.

ಎರಡನೆಯದು ಕ್ಯಾರಮೆಲ್. ಸಕ್ಕರೆ, ಗ್ಲೂಕೋಸ್ ಸಿರಪ್, ಹಾಲು, ಬೆಣ್ಣೆ ಅಥವಾ ಎಣ್ಣೆ. ಮೂರನೆಯದು ಬೀಜದ ಪೇಸ್ಟ್, ಅಂದರೆ ಹೇಜಲ್‌ನಟ್, ಬಾದಾಮಿ, ಗೋಡಂಬಿಯನ್ನು ಸಕ್ಕರೆ ಜೊತೆ ಅರೆದದ್ದು. ನಾಲ್ಕನೆಯದು ಟ್ರಫಲ್, ಬಾಯಿಗಿಟ್ಟರೆ ಬೆಣ್ಣೆಯಂತೆ ಕರಗುವುದು. ಹೆಚ್ಚಿನಂಶ ಕೊಬ್ಬು.

ಈಗ ತಮಾಷೆ ನೋಡಿ. 12 ಗ್ರಾಂನ ಫಾಂಡೆಂಟ್ ಚಾಕಲೇಟಿನಲ್ಲಿ ಸುಮಾರು 50 ಕ್ಯಾಲರಿ, ಸಕ್ಕರೆ ಸುಮಾರು 8 ಗ್ರಾಂ. ಬಂಗಾರದ ಹಾಳೆಯಲ್ಲಿ ಸುತ್ತಿದ, ಹೇಜಲ್‌ನಟ್ ತುಂಬಿದ 12.5 ಗ್ರಾಂನ ದುಂಡನೆ ಚಾಕಲೇಟಿನಲ್ಲಿ ಸುಮಾರು 75 ಕ್ಯಾಲರಿ, ಸಕ್ಕರೆ 5 ಗ್ರಾಂ, ಕೊಬ್ಬು 5 ಗ್ರಾಂ ಮೇಲೆ. ಒಂದರಲ್ಲಿ ಕ್ಯಾಲರಿ ಕಡಿಮೆ, ಸಕ್ಕರೆ ಜಾಸ್ತಿ. ಇನ್ನೊಂದರಲ್ಲಿ ಸಕ್ಕರೆ ಕಡಿಮೆ, ಕ್ಯಾಲರಿ ಜಾಸ್ತಿ. ಒಂದು ಗ್ರಾಂ ಸಕ್ಕರೆಗೆ 4 ಕ್ಯಾಲರಿ, ಒಂದು ಗ್ರಾಂ ಕೊಬ್ಬಿಗೆ 9 ಆಗಿರೋದರಿಂದ ಹೀಗೆ. ತೂಕದ ಚಿಂತೆ ಇರುವವರು ನೋಡಬೇಕಾದ ಸಂಖ್ಯೆ ಬೇರೆ, ಸಕ್ಕರೆ ಕಾಯಿಲೆಯವರು ಮೊದಲು ನೋಡಬೇಕಾದ ಸಂಖ್ಯೆ ಬೇರೆ. "ಯಾವುದು ಹೆಲ್ದಿ" ಅಂತ ಒಂದೇ ಮಾತಿನಲ್ಲಿ ಕೇಳಿದರೆ ಉತ್ತರ ಸಿಗದಿರೋದು ಇದಕ್ಕೇ.

ಇಡೀ ಡಬ್ಬಿಯ ಲೆಕ್ಕ ಹಾಕಿದೆ. ಹೇಜಲ್‌ನಟ್‌ನದೇ 24 ಪೀಸು ಅಂದರೆ 1,800 ಕ್ಯಾಲರಿ, 120 ಗ್ರಾಂ ಸಕ್ಕರೆ. ಅಪ್ಪ ರಾತ್ರಿ ತಿನ್ನುತ್ತಿದ್ದ ನಾಲ್ಕಕ್ಕೆ 300 ಕ್ಯಾಲರಿ, 20 ಗ್ರಾಂ ಸಕ್ಕರೆ. ಅದೂ ಹೊಟ್ಟೆ ತುಂಬಾ ಉಂಡ ಮೇಲೆ.

20 ಗ್ರಾಂ ಹೆಚ್ಚೋ ಕಡಿಮೆಯೋ? ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ್ದು, ಬಿಡಿ ಸಕ್ಕರೆಯಿಂದ ಬರುವ ಶಕ್ತಿ ದಿನದ ಒಟ್ಟು ಶಕ್ತಿಯಲ್ಲಿ ನೂರಕ್ಕೆ 10ಕ್ಕಿಂತ ಕಡಿಮೆ ಇರಲಿ, 5ಕ್ಕಿಂತ ಕಡಿಮೆಯಾದರೆ ಇನ್ನೂ ಒಳ್ಳೆಯದು ಅಂತ. 2,000 ಕ್ಯಾಲರಿ ಊಟಕ್ಕೆ ನೂರಕ್ಕೆ 5 ಅಂದರೆ 25 ಗ್ರಾಂ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯೂ ಈ 25 ಗ್ರಾಂ ಗೆರೆಯನ್ನೇ ಇಟ್ಟುಕೊಂಡಿದೆ. ನಾವು ದಿನಕ್ಕೆ ಮೂರು ಕಪ್ ಚಹಾ ಕುಡಿಯುವವರು, ಕಪ್ಪಿಗೆ ಎರಡು ಚಮಚ ಸಕ್ಕರೆ. ಚಮಚಕ್ಕೆ 4 ಗ್ರಾಂ ಅಂತ ಹಿಡಿದರೂ ಅಲ್ಲಿಗೇ 24 ಗ್ರಾಂ ಮುಗಿಯಿತು. ಚಾಕಲೇಟಿಗೆ ಜಾಗ ಎಲ್ಲಿದೆ?

ಇದು ಬರೀ ಅಪ್ಪನ ಕಥೆಯಲ್ಲ. ಕಂಪನಿಯ ವರ್ಷದ ಹೆಲ್ತ್ ಚೆಕಪ್‌ನಲ್ಲಿ ನನ್ನ ಎಚ್‌ಬಿಎ1ಸಿ 5.8 ಬಂತು. 5.7ರಿಂದ 6.4ರವರೆಗೆ ಪ್ರೀಡಯಾಬಿಟಿಸ್, ಅಂದರೆ ಸಕ್ಕರೆ ಕಾಯಿಲೆಯ ಹೊಸ್ತಿಲು. 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಸಮೀಕ್ಷೆಯ ಅಂದಾಜಿನಲ್ಲಿ ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು ಸುಮಾರು 10.1 ಕೋಟಿ, ಹೊಸ್ತಿಲ ಮೇಲೆ ನಿಂತವರು 13.6 ಕೋಟಿ. ಆ ಹೊಸ್ತಿಲ ಮೇಲೆ ಮೂವತ್ತರ ಆಸುಪಾಸಿನ ನಮ್ಮಂಥವರೂ ನಿಂತಿದ್ದೇವೆ.

ಡಬ್ಬಿ ತಿರುಗಿಸಿ ಓದಿ

ಡಾಕ್ಯುಮೆಂಟೇಶನ್ ಓದದೆ ಕೋಡ್ ಬಳಸಬೇಡಿ ಅಂತ ಜೂನಿಯರ್‌ಗಳಿಗೆ ಬೈಯುವ ನಾನು, ಈಗ ಲೇಬಲ್ ಓದಲು ಕಲಿತಿದ್ದೇನೆ. ಎರಡು ನಿಮಿಷದ ಕೆಲಸ.

ಮೊದಲು ಪದಾರ್ಥಗಳ ಪಟ್ಟಿ. ತೂಕ ಜಾಸ್ತಿ ಇರೋದು ಮೊದಲು, ಕಡಿಮೆ ಇರೋದು ಕೊನೆಗೆ ಬರಬೇಕು ಅನ್ನೋದು ನಿಯಮ. ಮೊದಲ ಹೆಸರೇ ಸಕ್ಕರೆ ಆಗಿದ್ದರೆ ಅದೇ ಮುಖ್ಯ ಪದಾರ್ಥ. ಆಮೇಲೆ ಲಿಕ್ವಿಡ್ ಗ್ಲೂಕೋಸ್, ಇನ್ವರ್ಟ್ ಸಿರಪ್, ಡೆಕ್ಸ್‌ಟ್ರೋಸ್ ಅಂತ ಬೇರೆ ಬೇರೆ ಹೆಸರು ಕಂಡರೆ ಅವೂ ಸಕ್ಕರೆಯ ಬಂಧುಗಳೇ. ಬೇರೆ ಬೇರೆ ಸಾಲಿನಲ್ಲಿ ಕೂತಿರುತ್ತವೆ ಅಷ್ಟೇ. ಹೇಜಲ್‌ನಟ್ ಅಂತ ಮೇಲೆ ದೊಡ್ಡದಾಗಿ ಬರೆದಿದ್ದರೆ ಪಕ್ಕದಲ್ಲಿ ಎಷ್ಟು ಪರ್ಸೆಂಟ್ ಅಂತ ನೋಡಿ.

ಆಮೇಲೆ ಪೋಷಕಾಂಶಗಳ ಕೋಷ್ಟಕ. 100 ಗ್ರಾಂಗೆ ಎಷ್ಟು ಅಂತ ಕೊಟ್ಟಿರುತ್ತಾರೆ. ಒಂದು ಸರ್ವಿಂಗ್ ದಿನದ ಅಗತ್ಯದಲ್ಲಿ ನೂರಕ್ಕೆ ಎಷ್ಟಾಗುತ್ತೆ ಅಂತಲೂ ಇರುತ್ತೆ. ಆ ಲೆಕ್ಕಕ್ಕೆ ಇಟ್ಟುಕೊಂಡಿರೋದು ದಿನಕ್ಕೆ 2,000 ಕ್ಯಾಲರಿ, 67 ಗ್ರಾಂ ಕೊಬ್ಬು, ಅದರಲ್ಲಿ ಸ್ಯಾಚುರೇಟೆಡ್ ಕೊಬ್ಬು 22 ಗ್ರಾಂ, ಸೇರಿಸಿದ ಸಕ್ಕರೆ 50 ಗ್ರಾಂ. ಗಮನಿಸಿ, ಇಲ್ಲಿ 25 ಅಲ್ಲ, 50. ಹಾಗಾಗಿ ಲೇಬಲ್ ಮೇಲೆ ನೂರಕ್ಕೆ 20 ಅಂತ ಇದ್ದರೆ, ನೀವು 25 ಗ್ರಾಂ ಗೆರೆ ಹಾಕಿಕೊಂಡಿದ್ದರೆ ಅದು ನಿಮಗೆ 40. ಸರ್ವಿಂಗ್ ಅಂದರೆ ಎಷ್ಟು ಪೀಸು ಅನ್ನೋದನ್ನೂ ನೋಡಿ. ಒಂದು ಪೀಸೇ ಒಂದು ಸರ್ವಿಂಗ್ ಆಗಿದ್ದರೆ ಎಲ್ಲ ಸಂಖ್ಯೆಯೂ ಸಣ್ಣದಾಗಿ, ಸಾಧುವಾಗಿ ಕಾಣುತ್ತೆ.

ಆಫೀಸಿನವರಿಗೆ ಒಂದು ಕಿವಿಮಾತು. ಆನ್‌ಸೈಟ್ ಮುಗಿಸಿ ಬಂದವರು "ನನ್ನ ಡೆಸ್ಕ್ ಹತ್ತಿರ ಚಾಕಲೇಟ್ ಇದೆ" ಅಂತ ಮೇಲ್ ಹಾಕಿದ ತಕ್ಷಣ ಓಡುವವರಲ್ಲಿ ನಾನೇ ಮೊದಲು. ಹೊರದೇಶದ ಕೆಲವು ಚಾಕಲೇಟಿನ ಹೂರಣದಲ್ಲಿ ಮದ್ಯ ಇರುತ್ತೆ, ಕೆಲವದರಲ್ಲಿ ಮೊಟ್ಟೆ ಅಥವಾ ಜೆಲಟಿನ್. ಮನೆಗೆ ಒಯ್ಯುವ ಮುಂಚೆ ಓದಿ. ಬೀಜಗಳ ಅಲರ್ಜಿ ಇರುವವರಂತೂ ಓದದೆ ಮುಟ್ಟಬಾರದು.

ತುಪ್ಪ ಮತ್ತು ಎಣ್ಣೆ

ಪಟ್ಟಿಯಲ್ಲಿ ಹುಡುಕಬೇಕಾದ ಇನ್ನೊಂದು ವಿಷಯ ಕೊಬ್ಬು ಯಾವುದು ಅನ್ನೋದು. ಅದಕ್ಕೆ ಕೋಕೋ ಎಲ್ಲಿಂದ ಬರುತ್ತೆ ಅಂತ ತಿಳಿಯಬೇಕು. ದೂರ ಹೋಗಬೇಕಿಲ್ಲ, ನಮ್ಮ ದಕ್ಷಿಣ ಕನ್ನಡದಲ್ಲೇ ಅಡಿಕೆ ತೋಟದ ನೆರಳಲ್ಲಿ ಕೋಕೋ ಬೆಳೆಯುತ್ತಾರೆ. ಮಂಗಳೂರಿನ ಕ್ಯಾಂಪ್ಕೊ 1973ರಲ್ಲಿ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆಯಾಗಿ ಶುರುವಾಯಿತು. 1980ರ ಸುಮಾರಿಗೆ ಕೋಕೋ ಬೆಲೆ ಬಿದ್ದು ಕೊಳ್ಳುವವರಿಲ್ಲದೆ ರೈತರು ಕಂಗಾಲಾದಾಗ ಕ್ಯಾಂಪ್ಕೊ ಖರೀದಿಗೆ ಇಳಿಯಿತು. 1986ರಲ್ಲಿ ಪುತ್ತೂರಿನ ಕೆಮ್ಮಿಂಜೆಯಲ್ಲಿ ಚಾಕಲೇಟ್ ಕಾರ್ಖಾನೆಯನ್ನೇ ಕಟ್ಟಿತು. ರೈತರ ಬೀಜಕ್ಕೆ ಬೆಲೆ ಸಿಗಲಿ ಅಂತ ಹುಟ್ಟಿದ ಚಾಕಲೇಟ್ ಅದು.

ಆ ಬೀಜ ಹುದುಗಿಸಿ, ಒಣಗಿಸಿ, ಹುರಿದು, ಅರೆದು ಹಿಂಡಿದರೆ ಸಿಗುವ ಕೊಬ್ಬೇ ಕೋಕೋ ಬಟರ್. ಸುಮಾರು 34 ಡಿಗ್ರಿಗೆ ಕರಗುತ್ತೆ, ನಮ್ಮ ಮೈಬಿಸಿಗಿಂತ ತುಸು ಕಡಿಮೆ. ಕೈಯಲ್ಲಿ ಗಟ್ಟಿಯಾಗಿದ್ದು ಬಾಯಲ್ಲಿ ಕರಗುವ ಜಾದೂ ಇದೇ. ಆದರೆ ಇದು ದುಬಾರಿ. ಅದಕ್ಕೆ ಹೂರಣದಲ್ಲಿ, ಕೆಲವು ಸಲ ಕವಚದಲ್ಲೂ, ತಾಳೆ ಎಣ್ಣೆಯಂಥ ಅಗ್ಗದ ಕೊಬ್ಬು ಬರುತ್ತೆ. ಚಾಕಲೇಟ್ ಅಂತ ಕರೆಸಿಕೊಳ್ಳಬೇಕಾದರೆ ಬೇರೆ ಸಸ್ಯಜನ್ಯ ಕೊಬ್ಬು ನೂರಕ್ಕೆ 5 ಮೀರುವಂತಿಲ್ಲ ಅನ್ನೋದು ನಮ್ಮ ನಿಯಮ. ಹೂರಣಕ್ಕೆ ಆ ಮಿತಿ ಇಲ್ಲ. "ಚಾಕೊ", "ಕಾಂಪೌಂಡ್" ಅಂತ ಬರೆದಿದ್ದರೆ ಕವಚವೂ ಬೇರೆ ಕೊಬ್ಬಿನದೇ ಇರಬಹುದು.

ಇಲ್ಲಿ ನನಗೆ ನಮ್ಮೂರಿನ ನಯಸೇನ ನೆನಪಾಗುತ್ತಾನೆ. 1112ರಲ್ಲಿ "ಧರ್ಮಾಮೃತ" ಬರೆದ ಮುಳಗುಂದದ ಜೈನ ಕವಿ. ಕನ್ನಡದೊಳಗೆ ಬೇಡದ ಸಂಸ್ಕೃತ ತುರುಕುವುದನ್ನು ತುಪ್ಪಕ್ಕೆ ಎಣ್ಣೆ ಬೆರೆಸುವುದಕ್ಕೆ ಹೋಲಿಸಿ ಹಂಗಿಸಿದವನು. ಚಾಕಲೇಟ್ ಲೇಬಲ್ ಅವನ ಕೈಗೆ ಸಿಕ್ಕಿದ್ದರೆ ಏನು ಹೇಳುತ್ತಿದ್ದನೋ! ಆದರೆ ನ್ಯಾಯವಾಗಿ ಹೇಳಬೇಕಂದರೆ ಇಲ್ಲಿ ತುಪ್ಪವೂ ಸಾಧುವಲ್ಲ. ಕೋಕೋ ಬಟರ್‌ನಲ್ಲಿ ಸ್ಯಾಚುರೇಟೆಡ್ ಕೊಬ್ಬು ನೂರಕ್ಕೆ 60ರಷ್ಟು, ತಾಳೆ ಎಣ್ಣೆಯಲ್ಲಿ 50ರಷ್ಟು. ಎರಡೂ ಮಿತಿಯಲ್ಲೇ ಇರಬೇಕಾದವು. ಒಂದು ಸಮಾಧಾನ ಏನಂದರೆ, ಹೃದಯಕ್ಕೆ ಎಲ್ಲಕ್ಕಿಂತ ಕೆಟ್ಟದಾದ ಟ್ರಾನ್ಸ್ ಕೊಬ್ಬು ಎಣ್ಣೆ ಮತ್ತು ಕೊಬ್ಬಿನಲ್ಲಿ ನೂರಕ್ಕೆ 2 ಮೀರಬಾರದು ಅನ್ನೋ ನಿಯಮ 2022ರ ಜನವರಿಯಿಂದ ಜಾರಿಯಲ್ಲಿದೆ.

ಅವ್ವನ ಇನ್ನೊಂದು ಗುಮಾನಿಯನ್ನೂ ಇಲ್ಲೇ ಬಗೆಹರಿಸಿಬಿಡ್ತೀನಿ. ಏಪ್ರಿಲ್ ಬಿಸಿಲಿಗೆ ಮೆತ್ತಗಾಗಿ, ಮತ್ತೆ ಫ್ರಿಜ್‌ನಲ್ಲಿ ಗಟ್ಟಿಯಾದ ಚಾಕಲೇಟ್ ಮೇಲೆ ಬೂದು-ಬಿಳಿ ಪುಡಿಯಂಥದ್ದು ಕಾಣುತ್ತೆ. ಅದು ಬೂಷ್ಟು ಅಲ್ಲ. ಕೊಬ್ಬು ಮೇಲೆ ಬಂದು ಹೆಪ್ಪುಗಟ್ಟಿದ್ದು. ಬೀಜದ ಹೂರಣ ಇದ್ದರೆ ಒಳಗಿನ ಎಣ್ಣೆ ಹೊರಕ್ಕೆ ಜಿನುಗಿಯೂ ಹೀಗಾಗುತ್ತೆ. ರುಚಿ, ನಯ ಹೋಗಿರುತ್ತೆ, ಅಪಾಯ ಇಲ್ಲ. ಆದ್ದರಿಂದ "ಕೆಡೋದರೊಳಗೆ ತಿಂದು ಮುಗಿಸಬೇಕು" ಅನ್ನೋ ಅವಸರಕ್ಕೆ ಅರ್ಥವಿಲ್ಲ. ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಫ್ರಿಜ್‌ನಲ್ಲಿಡಿ, ಮೇಲೆ ಬರೆದ ತಾರೀಖಿನವರೆಗೆ ನಿಧಾನವಾಗಿ ತಿನ್ನಿ.

ಹೋಳಿಗೆಗೊಂದು ನ್ಯಾಯ?

ಇಷ್ಟೆಲ್ಲ ಓದಿಕೊಂಡು ಊರಿಗೆ ಹೋಗಿ ಭಾಷಣ ಶುರು ಮಾಡಿದೆ. ಅವ್ವ ಶೇಂಗಾ ಹೋಳಿಗೆ ಮಾಡುತ್ತಿದ್ದಳು. "ಹಂಗಾರ ಇದನ್ನ ತಿನಬೌದೇನು? ಇದ್ರಾಗ ಸಕ್ಕರಿ ಇಲ್ಲ, ಬೆಲ್ಲ ಐತಿ" ಅಂದಳು. ಅಡುಗೆಮನೆ ತಕ್ಕಡಿ ತಂದು ತೂಗಿದೆ. ಒಂದು ಹೋಳಿಗೆಗೆ ಶೇಂಗಾ 30 ಗ್ರಾಂ, ಬೆಲ್ಲ 25, ಹಿಟ್ಟು 20, ಮೇಲೆ ಒಂದು ಚಮಚ ತುಪ್ಪ. ಲೆಕ್ಕ ಹಾಕಿದರೆ ಸುಮಾರು 380 ಕ್ಯಾಲರಿ. ಅಂದರೆ ಐದು ಹೇಜಲ್‌ನಟ್ ಚಾಕಲೇಟಿಗೆ ಸಮ! ಬೆಲ್ಲವೂ ಬಹುಪಾಲು ಸಕ್ಕರೆಯೇ. ಒಂದಿಷ್ಟು ಖನಿಜ ಹೆಚ್ಚಿರಬಹುದು, ರಕ್ತದ ಸಕ್ಕರೆ ಏರಿಸುವುದರಲ್ಲಿ ಅಂಥಾ ವ್ಯತ್ಯಾಸ ಇಲ್ಲ.

ನಮ್ಮದು ಅಂದ ಮಾತ್ರಕ್ಕೆ ಅಮೃತ, ಹೊರಗಿನದು ಅಂದ ಮಾತ್ರಕ್ಕೆ ವಿಷ ಅನ್ನೋದು ಲೆಕ್ಕದಲ್ಲಿ ನಿಲ್ಲಲಿಲ್ಲ. ಹೋಳಿಗೆಯ ಪರವಾಗಿ ಹೇಳಬಹುದಾದ ಮಾತು ಎರಡು. ಶೇಂಗಾ, ಹಿಟ್ಟು ಸೇರಿ 9 ಗ್ರಾಂನಷ್ಟು ಪ್ರೋಟೀನ್ ಸಿಗುತ್ತೆ, ಒಂದು ತಿಂದರೆ ಹೊಟ್ಟೆ ಸಾಕು ಅನ್ನುತ್ತೆ. ಇನ್ನೊಂದು, ಅದನ್ನು ದಿನಾ ಮಾಡಲ್ಲ. ಶೇಂಗಾ ಹುರಿದು, ಸಿಪ್ಪೆ ತೆಗೆದು, ಕುಟ್ಟಿ, ಕಣಕ ನಾದಿ, ಒಲೆ ಮುಂದೆ ಕೂರುವ ಶ್ರಮವೇ ಅದಕ್ಕೊಂದು ಕಡಿವಾಣ. ಪಂಚಮಿ ಉಂಡಿ ಪಂಚಮಿಗೆ, ಹೋಳಿಗೆ ಹಬ್ಬಕ್ಕೆ. ಚಾಕಲೇಟ್ ಡಬ್ಬಿಗೆ ಹಬ್ಬವೂ ಇಲ್ಲ, ಶ್ರಮವೂ ಇಲ್ಲ. ಫ್ರಿಜ್ ತೆಗೆದರೆ ಆಯಿತು. ಹಬ್ಬದ ಸಿಹಿಯನ್ನು ದಿನದ ಸಿಹಿ ಮಾಡಿದ್ದು ಚಾಕಲೇಟ್ ಅಲ್ಲ, ಹೋದಾಗಲೆಲ್ಲ 24 ಪೀಸಿನ ಡಬ್ಬಿ ತಂದಿಟ್ಟ ನಾನು.

ಹಾಗಾದ್ರೆ ಹೇಗೆ ತಿನ್ನೋದು?

ಬಿಡೋದು ಬೇಡ. ಬಿಟ್ಟೆ ಅಂತ ಘೋಷಣೆ ಮಾಡಿ ಹದಿನೈದು ದಿನಕ್ಕೆ ಇಡೀ ಡಬ್ಬಿ ಖಾಲಿ ಮಾಡಿದ ಅನುಭವ ನನಗಿದೆ. ಈಗ ನಾನು ಪಾಲಿಸುತ್ತಿರೋದು ಇಷ್ಟು.

ಸಣ್ಣ ಡಬ್ಬಿ ಕೊಳ್ಳೋದು. ಆರು ಪೀಸಿನದು ಮುಗಿದರೆ ಮುಗೀತು. ಮನಸ್ಸಿನ ಸಂಯಮಕ್ಕಿಂತ ಡಬ್ಬಿಯ ಸೈಜು ನಂಬಿಕಸ್ಥ.

ಊಟದ ಜೊತೆಗೇ ತಿನ್ನೋದು, ಮಧ್ಯೆ ಮಧ್ಯೆ ಅಲ್ಲ. ಇದು ಹಲ್ಲಿಗೂ ಒಳ್ಳೆಯದು. ಪ್ರತಿ ಸಲ ಸಿಹಿ ತಿಂದಾಗ ಬಾಯಲ್ಲಿ ಆಮ್ಲ ಹೆಚ್ಚಾಗಿ, ಮತ್ತೆ ಸಹಜ ಸ್ಥಿತಿಗೆ ಬರಲು ಅರ್ಧ ಗಂಟೆಯಾದರೂ ಬೇಕು. ಒಂದೇ ಸಲ ಮೂರು ತಿನ್ನುವುದಕ್ಕಿಂತ ಗಂಟೆಗೊಂದರಂತೆ ಮೂರು ತಿನ್ನೋದು ಹಲ್ಲಿಗೆ ಹೆಚ್ಚು ಕೆಟ್ಟದ್ದು. ಕ್ಯಾರಮೆಲ್ ಹಲ್ಲಿಗೆ ಅಂಟಿಕೊಂಡು ಇನ್ನಷ್ಟು ಹೊತ್ತು ಕಾಟ ಕೊಡುತ್ತೆ. ಅಕ್ಕನ ಮಗಳಿಗೆ ಚಾಕಲೇಟ್ ಆದ ಮೇಲೆ ನೀರು ಮುಕ್ಕಳಿಸುವ ಆಟ ಕಲಿಸಿದ್ದೇನೆ. ಇನ್ನೂ ಚಿಕ್ಕ ಮಕ್ಕಳಿಗೆ ಇಡೀ ಬೀಜ ಇರುವ ಚಾಕಲೇಟ್ ಕೊಡಲೇಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತೆ.

ಸ್ಕ್ರೀನ್ ಮುಂದೆ ತಿನ್ನದಿರೋದು. ರಾತ್ರಿ ರಿಲೀಸ್ ಇದ್ದಾಗ ನಾನು ಎಷ್ಟು ತಿಂದೆ ಅಂತ ಗೊತ್ತಾಗುತ್ತಿದ್ದದ್ದು ಬೆಳಗ್ಗೆ ಹಾಳೆ ಎಣಿಸಿದಾಗ. ಈಗ ಒಂದು ತಗೊಂಡು, ಡಬ್ಬಿ ಮುಚ್ಚಿಟ್ಟು, ಬಾಲ್ಕನಿಗೆ ಹೋಗಿ ನಿಧಾನವಾಗಿ ತಿಂತೀನಿ. ಕವಚ ಒಡೆಯೋ ಸದ್ದು, ಆಮೇಲೆ ಹೂರಣ, ಕೊನೆಗೆ ಬೀಜ. ಒಂದರಲ್ಲೇ ಇಷ್ಟು ರುಚಿ ಇತ್ತಾ ಅನ್ನಿಸುತ್ತೆ.

"ಶುಗರ್ ಫ್ರೀ" ಬಗ್ಗೆ ಒಂದು ಮಾತು. ಅಕ್ಕ ಅಪ್ಪನಿಗೆ ಅದನ್ನೇ ತರಿಸೋಣ ಅಂದಳು. ಅದರಲ್ಲಿ ಸಾಮಾನ್ಯವಾಗಿ ಮಾಲ್ಟಿಟಾಲ್‌ನಂಥ ಪದಾರ್ಥ ಇರುತ್ತೆ. ಸಕ್ಕರೆಗಿಂತ ಕ್ಯಾಲರಿ ಕಡಿಮೆ, ಸೊನ್ನೆ ಅಲ್ಲ. ರಕ್ತದ ಸಕ್ಕರೆಯನ್ನೂ ಸ್ವಲ್ಪ ಏರಿಸುತ್ತೆ. ಹೆಚ್ಚು ತಿಂದರೆ ಹೊಟ್ಟೆ ಕೆಡುತ್ತೆ, ಲೇಬಲ್ ಮೇಲೇ ಆ ಎಚ್ಚರಿಕೆ ಇರುತ್ತೆ. ಕೊಬ್ಬಂತೂ ಇದ್ದಷ್ಟೇ. ಶುಗರ್ ಫ್ರೀ ಅಂತ ನಾಲ್ಕು ತಿನ್ನೋದಕ್ಕಿಂತ ಮಾಮೂಲಿನದು ಒಂದು ತಿನ್ನೋದು ಮೇಲು ಅಂತ ಅಪ್ಪನ ಡಾಕ್ಟ್ರು ಹೇಳಿದರು. ವಾರಕ್ಕೆ ಎರಡು ಸಲ, ಊಟದ ಜೊತೆ, ಆ ಹೊತ್ತು ಅನ್ನ ಸ್ವಲ್ಪ ಕಡಿಮೆ ಅನ್ನೋದು ಅವರು ಅಪ್ಪನಿಗೆ ಹಾಕಿಕೊಟ್ಟ ಲೆಕ್ಕ. ನಿಮ್ಮ ಮನೆಯವರಿಗೆ ಎಷ್ಟು ಅನ್ನೋದನ್ನು ನಿಮ್ಮ ಡಾಕ್ಟರನ್ನೇ ಕೇಳಿ. ಉಪವಾಸದ ದಿನ ಮಾತ್ರೆ ಏನು ಮಾಡಬೇಕು ಅನ್ನೋದನ್ನು ಮರೆಯದೆ ಕೇಳಿ. ಕೇಳಿದ ಮೇಲೆ ಮನೆಯಲ್ಲಿ ಎಲ್ಲರಿಗೂ ಕಾಣುವ ಜಾಗದಲ್ಲಿ ಗ್ಲೂಕೋಸ್ ಪುಡಿ ಇಡಿ. ನಮ್ಮ ಮನೆಯಲ್ಲಿ ಈಗ ಅದು ಫ್ರಿಜ್ ಮೇಲೆ ಇದೆ.

ಮೊನ್ನೆ ದೀಪಾವಳಿಗೆ ಆರು ಪೀಸಿನ ಡಬ್ಬಿ ಒಯ್ದೆ. ಅಕ್ಕನ ಮಗಳು ತೆಗೆದು ನೋಡಿ, "ಮಾಮಾ, ಬರೇ ಆರ?" ಅಂತ ಮುಖ ಸಣ್ಣ ಮಾಡಿದಳು. ಊಟ ಆದ ಮೇಲೆ ಅಪ್ಪ ಒಂದು ತಗೊಂಡರು. ಎಲೆ-ಅಡಿಕೆ ಚೀಲದಿಂದ ಅಡಕೊತ್ತು ತೆಗೆದು, ಒರೆಸಿ, ಹೇಜಲ್‌ನಟ್ ಸಮೇತ ಸರಿಯಾಗಿ ಎರಡು ಹೋಳು ಮಾಡಿದರು. ಒಂದನ್ನು ಅವ್ವನ ಕೈಗಿಟ್ಟರು.

ಅವ್ವ ಅದನ್ನು ಬಾಯಿಗೆ ಹಾಕಿಕೊಂಡು, ಖಾಲಿ ಗುಳಿಗಳನ್ನು ಎಣಿಸುತ್ತಾ ನನ್ನ ಕಡೆ ನೋಡಿದಳು. "ಡಬ್ಬಿ ಸಣ್ಣದು ತಂದಿ, ಚಲೋ ಆತು. ಹಂಗಾರ ನೀ ಎರಡು ದಿನ ಹೆಚ್ಚಿಗಿ ಇದ್ದು ಹೋಗು."

ಮ್ಯಾನೇಜರ್‌ಗೆ ಮೆಸೇಜ್ ಹಾಕಿದೆ. ಬುಧವಾರದವರೆಗೆ ಮುಳಗುಂದದ ಮಾಳಿಗೆಯಿಂದಲೇ ಕೆಲಸ.